ಎಲ್ಲದಕ್ಕೂ ಹಿಮದ ಮೇಲೇ ಗೂಬೆ ಕೂರಿಸಬೇಡಿ

ಹಿಮಕ್ಕೆ ವಿಮಾನಗಳು ರದ್ದಾಗುವ ಬಗ್ಗೆ "ಹವಾಮಾನ ಯಾರ ಕೈಯಲ್ಲೂ ಇಲ್ಲ, ರಜೆಗೆ ಮನೆಗೆ ಹೊರಟವರು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ತಾಳ್ಮೆಯೊಂದೇ ಉಪಾಯ" ಅಂತ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ರೆಕ್ಕೆಗೆ ಹಿಮ ಕಟ್ಟಿದ ವಿಮಾನ ಹಾರಕೂಡದು, ಸರಿ. ಆದರೆ 2022ರ ಡಿಸೆಂಬರ್ ನೆನಪಿಸಿಕೊಳ್ಳಿ. ಅಮೆರಿಕದಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬೀಸಿದ ಹಿಮಗಾಳಿ ಯಾವ ಕಂಪನಿಯನ್ನೂ ಬಿಡಲಿಲ್ಲ. ಉಳಿದವರು ಕೆಲವೇ ದಿನಗಳಲ್ಲಿ ಸುಧಾರಿಸಿಕೊಂಡರು. ಸೌತ್‌ವೆಸ್ಟ್ ಅನ್ನೋ ವಿಮಾನ ಕಂಪನಿ ಮಾತ್ರ 16,000ಕ್ಕೂ ಹೆಚ್ಚು ವಿಮಾನ ರದ್ದು ಮಾಡಿತು. ಯಾವ ಸಿಬ್ಬಂದಿ ಎಲ್ಲಿದ್ದಾರೆ ಅನ್ನೋ ಲೆಕ್ಕವೇ ಅವರಿಗೆ ತಪ್ಪಿಹೋಗಿತ್ತು! ಮರುವರ್ಷ ಅಲ್ಲಿನ ಸಾರಿಗೆ ಇಲಾಖೆ ಹಾಕಿದ ದಂಡ 14 ಕೋಟಿ ಡಾಲರ್. ಹಿಮದ ತಪ್ಪಿಗೆ ಅಷ್ಟು ದಂಡ ಹಾಕ್ತಾರಾ?

ಇನ್ನೊಂದು, "ಹವಾಮಾನ ಕಾರಣವಾದರೆ ಪ್ರಯಾಣಿಕರಿಗೆ ಏನೂ ಸಿಗದು" ಅನ್ನೋದು ಎಲ್ಲ ಕಡೆಗೂ ನಿಜವಲ್ಲ. ವಿಮಾನ ಪ್ರಯಾಣಿಕರ ಹಕ್ಕುಗಳಿಗಾಗಿ ಇರುವ ಯುರೋಪಿನ 261/2004 ನಿಯಮದ ಪ್ರಕಾರ ಪರಿಹಾರಧನ ಸಿಗದಿರಬಹುದು, ಆದರೆ ಊಟ, ರಾತ್ರಿ ತಂಗಲು ಹೋಟೆಲ್, ಜೊತೆಗೆ ಬದಲಿ ವಿಮಾನ ಇಲ್ಲವೇ ಟಿಕೆಟ್ ಹಣ ಕೊಡಲೇಬೇಕು. ಕೌಂಟರಿನವರು ತಾವಾಗಿ ಬಾಯಿಬಿಡೋದು ಅಪರೂಪ (ನನಗೆ ಹೇಳಿದ್ದು ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿ). ಕೇಳಿ ಪಡೆಯಿರಿ. ಕೊಡದಿದ್ದರೆ ಸ್ವಂತ ಖರ್ಚಿನ ರಸೀದಿಗಳನ್ನು ಜೋಪಾನ ಮಾಡಿ, ಆಮೇಲೆ ವಸೂಲಿ ಮಾಡಬಹುದು.