ಪ್ರತಿಗಳಿಗಾಗಿ ಸಂಪರ್ಕಿಸಿ

ಹೋದ ವಾರ ಸಾಗರದಿಂದ ಚಿಕ್ಕಪ್ಪನ ಫೋನ್ ಬಂತು. "ಈ ಆ್ಯಪಿನಲ್ಲಿ ಪುಸ್ತಕ ಕೊಳ್ಳೋದು ಎಲ್ಲಿ ಮಾರಾಯ? ಅರ್ಧ ಗಂಟೆಯಿಂದ ಹುಡುಕ್ತಾ ಇದ್ದೀನಿ."

ಚಿಕ್ಕಪ್ಪ ರಿಟೈರ್ಡ್ ಮೇಷ್ಟ್ರು. ಅಮೆರಿಕದಲ್ಲಿರುವ ಮಗಳು ರಜಕ್ಕೆ ಬಂದಾಗ ಅವರ ಫೋನಿಗೆ ಒಂದು ಓದುವ ಆ್ಯಪ್ ಹಾಕಿಕೊಟ್ಟು ಹೋಗಿದ್ದಾಳೆ. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ಳಬಹುದು, ಅದೇ ಅವರಿಗೆ ಖುಷಿ. ಮುಖಪುಟ ಕಾಣುತ್ತದೆ, ಮೊದಲ ಅಧ್ಯಾಯ ಪುಕ್ಕಟೆ ಓದಲು ಸಿಗುತ್ತದೆ. ಎರಡನೇ ಅಧ್ಯಾಯ ಬೇಕು ಅಂದರೆ ಬೆಲೆ ಎಲ್ಲೂ ಇಲ್ಲ, ಕೊಳ್ಳುವ ಬಟನ್ನೂ ಇಲ್ಲ. ಕನ್ನಡಕದ ನಂಬರು ಬದಲಾಗಿದೆಯೇನೋ ಅಂತ ಮೊದಲು ತಮ್ಮ ಕಣ್ಣನ್ನೇ ಬೈದುಕೊಂಡರಂತೆ.

ಬಟನ್ ಇಲ್ಲವೇ ಇಲ್ಲ ಚಿಕ್ಕಪ್ಪ, ಬ್ರೌಸರ್ ತೆಗೆದು ಅವರ ವೆಬ್‌ಸೈಟಿಗೆ ಹೋಗಿ ದುಡ್ಡು ಕಟ್ಟಿ, ಪುಸ್ತಕ ತಾನಾಗಿಯೇ ಈ ಆ್ಯಪಿಗೆ ಬಂದು ಕೂರುತ್ತದೆ ಅಂದೆ.

"ಹಾಗಂತ ಇಲ್ಲಿ ಒಂದು ಸಾಲು ಬರೆಯೋಕೆ ಇವರಿಗೇನು ದಾಡಿ?"

ಬರೆಯುವ ಹಾಗಿಲ್ಲ. ಅದೇ ಕತೆ. ಆ್ಯಪ್ ಮಾಡಿದವರು ಮರೆತಿದ್ದಲ್ಲ, ಆ್ಯಪ್ ಅಂಗಡಿಯ, ಅಂದರೆ ನಾವು ಆ್ಯಪ್ ಇಳಿಸಿಕೊಳ್ಳುವ ಆ್ಯಪಲ್, ಗೂಗಲ್ ಸ್ಟೋರುಗಳ ಕಾನೂನು ಅದು.

ಇದು ಶುರುವಾದದ್ದು 2011ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಆ್ಯಪಲ್ ಪತ್ರಿಕೆ, ಹಾಡು, ವಿಡಿಯೊ ಮಾರುವವರಿಗೆಲ್ಲ ಚಂದಾ ನಿಯಮ ತಂದಿತು. ಸ್ಟೀವ್ ಜಾಬ್ಸ್ ಹೇಳಿದ ಲೆಕ್ಕ ಕೇಳಲು ಚೆನ್ನಾಗಿಯೇ ಇತ್ತು. ಹೊಸ ಚಂದಾದಾರನನ್ನು ನಾವು ಕರೆತಂದರೆ ಶೇಕಡಾ 30 ನಮಗೆ, ನೀವೇ ಕರೆತಂದರೆ ಪೂರ್ತಿ ನಿಮಗೆ. ನ್ಯಾಯ ಅಲ್ವಾ? ಆದರೆ ಅದರ ಜೊತೆ ಎರಡು ಬಾಲಗಳಿದ್ದವು. ಹೊರಗೆ ಏನು ಬೆಲೆಗೆ ಮಾರುತ್ತೀರೋ ಆ್ಯಪಿನೊಳಗೂ ಅದೇ ಬೆಲೆ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹೊರಗೆ ಕೊಳ್ಳಿ ಎನ್ನುವ ಲಿಂಕ್ ಆ್ಯಪಿನಲ್ಲಿ ಇರಕೂಡದು. ಮೊದಲನೇ ಬಾಲವನ್ನು ಗಲಾಟೆಯಾದ ಮೇಲೆ ಜೂನ್‌ನಲ್ಲಿ ಕತ್ತರಿಸಿದರು. ಎರಡನೆಯದು ಉಳಿಯಿತು. ಜುಲೈನಲ್ಲಿ ಐಫೋನಿನಲ್ಲಿ ಅಮೆಜಾನ್‌ನವರ ಪುಸ್ತಕ ಓದುವ ಕಿಂಡಲ್ ಆ್ಯಪಿನಿಂದ ಅಂಗಡಿ ಬಟನ್ ಮಾಯವಾಯಿತು.

ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯವರು ಮಾತ್ರ ನಿಮ್ಮ ಸಹವಾಸವೇ ಬೇಡ ಅಂತ ವೆಬ್‌ನಲ್ಲೇ ಓದುವ ವ್ಯವಸ್ಥೆ ಮಾಡಿಕೊಂಡು ಆಗಸ್ಟ್‌ನಲ್ಲಿ ತಮ್ಮ ಆ್ಯಪನ್ನೇ ಆಚೆ ತಗೊಂಡರು. ಅವರ ತಕರಾರು ಬರೀ ಕಮಿಷನ್ ಮೇಲೆ ಇರಲಿಲ್ಲ. ಚಂದಾದಾರ ಯಾರು ಎಂಬ ವಿವರ ತಮಗೆ ನೇರವಾಗಿ ಸಿಗುವುದಿಲ್ಲ ಎಂಬುದೇ ದೊಡ್ಡ ತಕರಾರು. ಇದರ ಬಿಸಿ ಏನೆಂದು ನಮ್ಮ ಕನ್ನಡದ ಸಣ್ಣ ಪತ್ರಿಕೆ ನಡೆಸಿದವರಿಗೆ ಚೆನ್ನಾಗಿ ಗೊತ್ತು. ಅವರ ಆಸ್ತಿ ಅಂದರೆ ಚಂದಾದಾರರ ವಿಳಾಸ ಬರೆದಿಟ್ಟ ಒಂದು ಲಾಂಗ್ ನೋಟ್‌ಬುಕ್. ಪತ್ರಿಕೆಯ ರ್‍ಯಾಪರ್ ಮೇಲೆ "ನಿಮ್ಮ ಚಂದಾ ಈ ಸಂಚಿಕೆಗೆ ಮುಗಿಯಿತು" ಅಂತ ಸೀಲು ಒತ್ತಿದರೆ ಮುಂದಿನ ತಿಂಗಳು ಮನಿಯಾರ್ಡರ್ ಬರುತ್ತಿತ್ತು. ಆ ನೋಟ್‌ಬುಕ್ ಅಂಚೆ ಇಲಾಖೆಯ ಹತ್ತಿರ ಇದ್ದು, ಸಂಪಾದಕನಿಗೆ ಬರೀ ದುಡ್ಡು ಬರುವಂತಿದ್ದರೆ ಹೇಗಿರುತ್ತಿತ್ತು ಯೋಚಿಸಿ.

ನನ್ನ ಒಬ್ಬ ಗೆಳೆಯ ಕನ್ನಡ ಕತೆಗಳನ್ನು ಓದಿಸಿ, ರೆಕಾರ್ಡ್ ಮಾಡಿ ಮಾರುತ್ತಾನೆ. ತಿಂಗಳಿಗೆ 99 ರೂಪಾಯಿ ಚಂದಾ. ಮೊನ್ನೆ ದರ್ಶಿನಿಯಲ್ಲಿ ನಿಂತುಕೊಂಡೇ ಟಿಶ್ಯೂ ಮೇಲೆ ಲೆಕ್ಕ ಹಾಕಿ ತೋರಿಸಿದ. 99ರಲ್ಲಿ ಜಿಎಸ್‌ಟಿ 15 ರೂಪಾಯಿ ಹೋಗುತ್ತದೆ. ಉಳಿದ 84ರಲ್ಲಿ ಶೇಕಡಾ 15 ಅಂದರೆ ಹನ್ನೆರಡೂವರೆ ರೂಪಾಯಿ ಆ್ಯಪ್ ಅಂಗಡಿಗೆ. ಕೈಗೆ ಬರುವುದು 71 ಚಿಲ್ಲರೆ. ಅದರಲ್ಲಿ ಲೇಖಕರಿಗೆ, ಓದಿದವರಿಗೆ, ಸ್ಟುಡಿಯೊಗೆ. ಅದೇ ಮನುಷ್ಯ ವೆಬ್‌ಸೈಟಿನಲ್ಲಿ ಕಟ್ಟಿದರೆ ಪೇಮೆಂಟ್ ಕಂಪನಿಗೆ ಒಂದೆರಡು ರೂಪಾಯಿ ಹೋಗಿ 82ರ ಹತ್ತಿರ ಉಳಿಯುತ್ತದೆ.

ಇಲ್ಲಿ ಒಂದು ಮಾತು. ಎಲ್ಲರೂ 30 ಪರ್ಸೆಂಟ್, 30 ಪರ್ಸೆಂಟ್ ಅಂತ ಬೊಬ್ಬೆ ಹೊಡೆಯುತ್ತಾರೆ. ಗೆಳೆಯನಂಥ ಸಣ್ಣವರಿಗೆ ಈಗ 30 ಇಲ್ಲ. ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟದವರಿಗೆ ಆ್ಯಪಲ್ 2021ರಿಂದ 15 ಮಾಡಿದೆ. ಗೂಗಲ್ ಪ್ಲೇ 2022ರಿಂದ ಎಲ್ಲ ಚಂದಾಗಳಿಗೂ 15ಕ್ಕೆ ಇಳಿಸಿದೆ. ಆಮೇಲೆ, ಕನ್ನಡ ಪುಸ್ತಕದ ಅಂಗಡಿಯವರು ಪ್ರಕಾಶಕರಿಂದ ಎಷ್ಟು ರಿಯಾಯಿತಿ ತಗೊಳ್ಳುತ್ತಾರೆ? ಶೇಕಡಾ 30, ಕೆಲವು ಸಲ 40. ಅದನ್ನು ಯಾರೂ ದರೋಡೆ ಅನ್ನುವುದಿಲ್ಲ. ಬಾಡಿಗೆ ಇದೆ, ಕರೆಂಟ್ ಬಿಲ್ ಇದೆ, ಹುಡುಗರ ಸಂಬಳ ಇದೆ. ಸಂತೆಯಲ್ಲಿ ಕೂತರೆ ಸುಂಕ ಕೊಡಲೇಬೇಕು.

ನನ್ನ ಸಿಟ್ಟು ಸುಂಕದ ಮೇಲಲ್ಲ.

ಮನೆಯಲ್ಲಿರುವ ಯಾವುದಾದರೂ ಕನ್ನಡ ಪುಸ್ತಕ ತೆಗೆದು ಮೊದಲ ಹಾಳೆಯ ಹಿಂದೆ ನೋಡಿ. ಹಕ್ಕುಗಳು, ಮೊದಲ ಮುದ್ರಣ, ಪುಟಗಳು, ಬೆಲೆ, ಅದರ ಕೆಳಗೆ ಪ್ರಕಾಶಕರ ವಿಳಾಸ, ಫೋನ್ ನಂಬರು. ಎಷ್ಟೋ ಪುಸ್ತಕಗಳಲ್ಲಿ "ಪ್ರತಿಗಳಿಗಾಗಿ ಸಂಪರ್ಕಿಸಿ" ಅಂತಲೇ ಇರುತ್ತದೆ. ಅಂಗಡಿಯಲ್ಲಿ ಕೊಂಡ ಪುಸ್ತಕದಲ್ಲೇ, ಮುಂದಿನ ಸಲ ನೇರ ನಮಗೇ ಫೋನ್ ಮಾಡಿ ಅಂತ ಪ್ರಕಾಶಕ ಬರೆದಿರುತ್ತಾನೆ. ಯಾವ ಅಂಗಡಿಯವನೂ ಆ ಹಾಳೆ ಹರಿದು ಹಾಕಿ ಪುಸ್ತಕ ಮಾರಿದ್ದನ್ನು ನಾನು ನೋಡಿಲ್ಲ. ಆ್ಯಪ್ ಅಂಗಡಿ ಮಾಡುತ್ತಿರುವುದು ಅದನ್ನೇ. ಹಾಳೆ ಹರಿಯುತ್ತಿದೆ. ಹರಿದದ್ದು ಕೊಂಡವರಿಗೆ ಗೊತ್ತೂ ಆಗುವುದಿಲ್ಲ.

ಗೊತ್ತಾಗದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಫೆಬ್ರವರಿಯ ಟ್ವಿಟರ್ ನೆನಪು ಮಾಡಿಕೊಳ್ಳಿ. ನೀಲಿ ಟಿಕ್ಕಿಗೆ ಭಾರತದಲ್ಲಿ ವೆಬ್‌ನಲ್ಲಿ ತಿಂಗಳಿಗೆ 650 ರೂಪಾಯಿ, ಫೋನಿನ ಆ್ಯಪಿನಲ್ಲಿ 900. ಅದೇ ಟಿಕ್ಕು, ಅದೇ ನೀಲಿ. ವರ್ಷಕ್ಕೆ 3,000 ರೂಪಾಯಿ ಫರಕು. ಸ್ಪಾಟಿಫೈ ಕೂಡ ಅಮೆರಿಕದಲ್ಲಿ ಹೀಗೇ ಮಾಡಿತ್ತು, ಹೊರಗೆ 9.99 ಡಾಲರ್, ಐಫೋನಿನ ಒಳಗೆ 12.99. ಸುಂಕದ ಹೊರೆಯನ್ನು ಗಿರಾಕಿಯ ತಲೆಗೆ ದಾಟಿಸಿದರು ಅಂತ ಮಾರುವವರನ್ನು ಬೈಯಬಹುದು, ಬೈಯಿರಿ. ಆದರೆ ಪಕ್ಕದ ಬಾಗಿಲಲ್ಲಿ ಕಡಿಮೆಗೆ ಸಿಗುತ್ತದೆ ಎಂದು ಹೇಳಲು ಅವರಿಗೆ ಬಾಯೇ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಕಮಿಷನ್ ಆ್ಯಪಲ್‌ಗೆ 180 ಕೋಟಿ ಯೂರೊಗೂ ಜಾಸ್ತಿ ದಂಡ ಹಾಕಿದ್ದು ಈ ಬಾಯಿ ಮುಚ್ಚಿಸಿದ್ದಕ್ಕೇ. ಹಾಡು ಕೇಳುವವರಿಗೆ ಕಡಿಮೆ ಬೆಲೆಯ ಸುದ್ದಿ ತಲುಪದಂತೆ ಮಾಡಿದಿರಿ ಅಂತ.

ನನಗೂ ಆಗಿದೆ. ಒಂದು ಆ್ಯಪಿಗೆ ಎರಡು ವರ್ಷ ಫೋನಿನಲ್ಲೇ ಚಂದಾ ಕಟ್ಟಿದ ಮೇಲೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಅದೇ ಪ್ಲಾನ್ ಕಾಲು ಭಾಗ ಕಡಿಮೆ ಬೆಲೆಗೆ ಕಂಡೆ. ಯಾರ ಹತ್ತಿರ ಜಗಳ ಆಡುವುದು? ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ನಮ್ಮ ದೇಶದಲ್ಲಿ ಜಗಳ ಜಾಸ್ತಿ ನಡೆದದ್ದು ಗೂಗಲ್ ಜೊತೆ, ಏಕೆಂದರೆ ಇಲ್ಲಿ ಹೆಚ್ಚು ಕೈಗಳಲ್ಲಿರುವುದು ಆ್ಯಂಡ್ರಾಯ್ಡ್. 2020ರಲ್ಲಿ ಗೂಗಲ್, ಡಿಜಿಟಲ್ ಸರಕು ಮಾರುವವರೆಲ್ಲ ದುಡ್ಡನ್ನು ನಮ್ಮ ಬಿಲ್ಲಿಂಗ್ ವ್ಯವಸ್ಥೆಯಲ್ಲೇ ಕಟ್ಟಿಸಿಕೊಳ್ಳಬೇಕು ಅಂದಿತು. ಸ್ಟಾರ್ಟಪ್‌ನವರು ಎದ್ದು ನಿಂತರು, ಗಡುವು ಮುಂದಕ್ಕೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 936.44 ಕೋಟಿ ರೂಪಾಯಿ ದಂಡ ಹಾಕಿತು. ಅದರ ಆದೇಶದಲ್ಲಿ, ಬೇರೆ ದಾರಿ ಇದೆ ಎಂದು ಗಿರಾಕಿಗೆ ಹೇಳಲು ಆ್ಯಪ್ ಮಾಡುವವರಿಗೆ ಅಡ್ಡಿ ಮಾಡಬೇಡಿ ಎನ್ನುವ ಮಾತೂ ಇತ್ತು. (ದಂಡವನ್ನು ಮೇಲ್ಮನವಿ ಮಂಡಳಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು.) ಗೂಗಲ್ ಒಂದು ಉಪಾಯ ಮಾಡಿತು. ಬೇರೆಯವರ ಬಿಲ್ಲಿಂಗನ್ನೂ ಇಟ್ಟುಕೊಳ್ಳಿ, ಆದರೆ ಶೇಕಡಾ 4 ಮಾತ್ರ ಬಿಡುತ್ತೇವೆ. 15 ಇದ್ದದ್ದು 11, 30 ಇದ್ದದ್ದು 26. ಬೇರೆ ಬಿಲ್ಲಿಂಗ್ ಕಂಪನಿಗೂ ದುಡ್ಡು ಕೊಡಬೇಕಲ್ಲ, ಕೊನೆಗೆ ಅಲ್ಲಿಗಲ್ಲಿಗೆ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಅಂತ ಸುಮ್ನೆ ಹೇಳಿದ್ದಲ್ಲ ಹಿರಿಯರು.

2024ರ ಮಾರ್ಚ್ 1ರಂದು ನೌಕರಿ, 99 ಎಕರ್ಸ್, ಭಾರತ್ ಮ್ಯಾಟ್ರಿಮೊನಿ, ಶಾದಿ, ಕುಕು ಎಫ್‌ಎಂ ಎಂಬ ಆ್ಯಪ್‌ಗಳೆಲ್ಲ ಪ್ಲೇ ಸ್ಟೋರಿನಿಂದ ಕೆಳಗೆ ಬಿದ್ದವು. ಫೀ ಕಟ್ಟಿಲ್ಲ ಎಂಬುದು ಗೂಗಲ್ ಮಾತು. ಕೇಂದ್ರ ಮಂತ್ರಿ ಅಶ್ವಿನಿ ವೈಷ್ಣವ್ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ಬಂದವು. ದೊಡ್ಡವರಿಗೆ ಮಂತ್ರಿ ಬರುತ್ತಾರೆ. ಗೆಳೆಯನ ಆ್ಯಪ್ ಬಿದ್ದರೆ ನಾನು ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಬಹುದು, ಅಷ್ಟೆ.

ಹಾಗಂತ ಆ್ಯಪ್ ಅಂಗಡಿಯಿಂದ ಗಿರಾಕಿಗೆ ಲಾಭವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಬೇಡ ಅನ್ನಿಸಿದಾಗ ಅಲ್ಲಿ ಚಂದಾ ನಿಲ್ಲಿಸುವುದು ಸುಲಭ. ಎಲ್ಲ ಚಂದಾಗಳೂ ಒಂದೇ ಪಟ್ಟಿಯಲ್ಲಿ ಸಾಲಾಗಿ ಇರುತ್ತವೆ, ಒತ್ತಿದರೆ ಮುಗಿಯಿತು. ಒಂದು ವ್ಯಾಯಾಮದ ವೆಬ್‌ಸೈಟಿನಲ್ಲಿ ನೇರ ದುಡ್ಡು ಕಟ್ಟಿ, ನಿಲ್ಲಿಸಲು ಮೂರು ಇಮೇಲ್ ಬರೆದು, "ನಿಮ್ಮಂಥವರನ್ನು ಕಳೆದುಕೊಳ್ಳಲು ಬೇಸರ" ಅಂತ ಎರಡು ಉತ್ತರ ಪಡೆದು, ಅಷ್ಟರಲ್ಲಿ ಇನ್ನೊಂದು ತಿಂಗಳ ದುಡ್ಡೂ ಹೋಗಿ ಬುದ್ಧಿ ಕಲಿತವನು ನಾನು. ಇಂಥ ಚಂದಾ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸಗಳ ಸಾಲಿಗೆ ಸೇರಿಸಿದೆ. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ತಂದ ನಿಯಮವೂ ಒಳ್ಳೆಯದೇ. ತಾನಾಗಿ ದುಡ್ಡು ಕಡಿಯುವ 24 ಗಂಟೆ ಮೊದಲು ಮೆಸೇಜ್ ಬರಬೇಕು. ಆ ನಿಯಮ ಬಂದಾಗ ಕಾರ್ಡ್ ಚಂದಾಗಳು ನಿಂತು ಗೆಳೆಯನ ಅರ್ಧ ಗಿರಾಕಿಗಳು ಉದುರಿದರು. ಅವನಿಗೆ ಇವತ್ತಿಗೂ ರಿಸರ್ವ್ ಬ್ಯಾಂಕ್ ಮೇಲೆ ಕೋಪ. ನನಗಿಲ್ಲ. ಕೇಳದೆ ಕಡಿದ ದುಡ್ಡಿನ ಮೇಲೆ ನಿಂತ ವ್ಯಾಪಾರ ಉದುರಿದರೆ ಉದುರಲಿ ಅಂತ ಅವನ ಮುಖಕ್ಕೇ ಹೇಳಿದ್ದೇನೆ. ಅವತ್ತು ಕಾಫಿ ಬಿಲ್ ನಾನೇ ಕೊಟ್ಟೆ.

(ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲೇ ಇಬ್ಬರು ಹಾಗೆ ಅಂದುಕೊಂಡಿದ್ದರು. ಸ್ಟೋರಿಗೆ ಹೋಗಿ, ಸಬ್‌ಸ್ಕ್ರಿಪ್ಷನ್ ಪಟ್ಟಿ ತೆಗೆದು, ಅಲ್ಲಿ ಕ್ಯಾನ್ಸಲ್ ಮಾಡಬೇಕು. ಓದುವುದು ನಿಲ್ಲಿಸಿ ಈಗಲೇ ಒಂದು ಸಲ ನೋಡಿ ಬನ್ನಿ.)

ಹಾಗಾಗಿ ನಾನು ಕೇಳುವುದು ತೀರ ಸಣ್ಣದು. ಆ್ಯಪ್ ಅಂಗಡಿಯವರು ತಮ್ಮ 15 ತಗೊಳ್ಳಲಿ. ನಮ್ಮಲ್ಲೇ ಕಟ್ಟಿದರೆ ನಿಲ್ಲಿಸುವುದು ಸುಲಭ ಅಂತ ಜಾಹೀರಾತನ್ನೂ ಹಾಕಿಕೊಳ್ಳಲಿ, ಅದು ನಿಜವೇ. ಅದರ ಪಕ್ಕದಲ್ಲಿ ಗೆಳೆಯನಿಗೆ ಒಂದು ಸಾಲು ಬರೆಯಲು ಬಿಡಲಿ. "ನಮ್ಮ ವೆಬ್‌ಸೈಟಿನಲ್ಲಿ ಇದೇ ಚಂದಾ 85 ರೂಪಾಯಿ." ಎರಡನ್ನೂ ನೋಡಿ ಚಿಕ್ಕಪ್ಪ ತೀರ್ಮಾನ ಮಾಡುತ್ತಾರೆ. ಮೂವತ್ತೈದು ವರ್ಷ ಮಕ್ಕಳಿಗೆ ಲಾಭ ನಷ್ಟದ ಲೆಕ್ಕ ಹೇಳಿಕೊಟ್ಟವರು, ಇಷ್ಟು ಮಾಡಲಾರರೇ?

ಅಮೆರಿಕದಲ್ಲಿ ಇದು ಆಗಿಯೇ ಹೋಯಿತು. ಎಪಿಕ್ ಎನ್ನುವ ಗೇಮ್ ಕಂಪನಿ 2020ರಲ್ಲಿ ಹಾಕಿದ ಕೇಸಿನಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಜ್ ರಾಜರ್ಸ್ ಮರುವರ್ಷವೇ ಲಿಂಕ್ ಹಾಕಲು ಬಿಡಿ ಅಂದಿದ್ದರು. ಆ್ಯಪಲ್ 2024ರಲ್ಲಿ ಲಿಂಕ್ ಏನೋ ಬಿಟ್ಟಿತು, ಆದರೆ ಆ ಲಿಂಕ್ ಒತ್ತಿ ಹೊರಗೆ ಕೊಂಡರೂ ಶೇಕಡಾ 27 ನಮಗೆ ಅಂದಿತು. ನ್ಯಾಯಾಧೀಶೆಗೆ ರೇಗಿತು. 2025ರ ಏಪ್ರಿಲ್ 30ರಂದು ಇದು ಕೋರ್ಟಿನ ಆದೇಶದ ಉಲ್ಲಂಘನೆ ಎಂದು ಬರೆದು ಆ ಸುಂಕವನ್ನೇ ತಡೆದರು. ಆ್ಯಪಲ್ ಮೇಲ್ಮನವಿಗೆ ಹೋಯಿತು. ಆದರೆ ಮೇ ತಿಂಗಳಲ್ಲೇ, 14 ವರ್ಷದ ಹಿಂದೆ ಹೋಗಿದ್ದ ಪುಸ್ತಕ ಕೊಳ್ಳುವ ಬಟನ್ ಕಿಂಡಲ್ ಆ್ಯಪಿಗೆ ವಾಪಸ್ ಬಂತು. ಅಮೆರಿಕದ ಐಫೋನುಗಳಿಗೆ ಮಾತ್ರ.

ಚಿಕ್ಕಪ್ಪನ ಮಗಳಿಗೆ ಇದನ್ನು ಹೇಳಿದೆ. ಅವಳು ತನ್ನ ಫೋನ್ ತೆಗೆದು ನೋಡಿ, ಹೌದಲ್ಲ, ಇದೆ ಅಂತ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದಳು. ಚಿಕ್ಕಪ್ಪ ಆ ಚಿತ್ರದ ಮೇಲಿನ ಬಟನ್ನನ್ನು ನಾಲ್ಕೈದು ಸಲ ಒತ್ತಿ ನೋಡಿದರಂತೆ.