ಓಟಿನ ಹಿಂದಿನ ರಾತ್ರಿ ಬರುವ ದುಡ್ಡಷ್ಟೇ ದುಡ್ಡಲ್ಲ

ಚುನಾವಣೆ ದುಡ್ಡು ಅಂದರೆ ಬಳ್ಳಾರಿ, ರಾಯಚೂರು ಕಡೆಯವರಿಗೆ ಮೊದಲು ನೆನಪಾಗುವುದು ಓಟಿನ ಹಿಂದಿನ ರಾತ್ರಿ ಮನೆ ಬಾಗಿಲಿಗೆ ಬರುವ ನೋಟು, ಸೀರೆ, ಕುಕ್ಕರ್. ಗಣಿ ದುಡ್ಡಿನ ಕಾಲವನ್ನು ಕಣ್ಣಾರೆ ಕಂಡ ಸೀಮೆ ಇದು, ಹಾಗೆ ಅನಿಸುವುದರಲ್ಲಿ ತಪ್ಪಿಲ್ಲ. ಆದರೆ ಸರ್ಕಾರದ ನೀತಿಯನ್ನೇ ತಿರುಗಿಸುವ ದುಡ್ಡು ಆ ರಾತ್ರಿ ಬರುವುದಿಲ್ಲ. ಅದು ವರ್ಷಗಟ್ಟಲೆ ಮೊದಲೇ ಬಂದಿರುತ್ತದೆ.

ರಾಯಚೂರಿನ ಗಂಜ್‌ನಲ್ಲಿ ದಲಾಲಿ ಅಂಗಡಿಯ ಸಾಹುಕಾರ ರೈತನಿಗೆ ಮುಂಗಡ ಕೊಡುವುದು ಹತ್ತಿ ಬಿಡಿಸುವಾಗ ಅಲ್ಲ, ಬೀಜ-ಗೊಬ್ಬರ ತರುವಾಗ. ಮಾಲು ಯಾರ ಅಂಗಡಿಗೆ ಬರಬೇಕು ಅನ್ನುವುದು ಅವತ್ತೇ ತೀರ್ಮಾನ. ಅಮೆರಿಕದ ಬಲಪಂಥೀಯ ರಾಜಕಾರಣಕ್ಕೆ ದುಡ್ಡು ಹಾಕಿದ ಶ್ರೀಮಂತರ ಕೂಟಗಳ ಲೆಕ್ಕಾಚಾರವೂ ಇದೇ.

ತೈಲ ಸಂಸ್ಕರಣೆಯಿಂದ ಬೆಳೆದ ಚಾರ್ಲ್ಸ್ ಕೋಕ್, ಡೇವಿಡ್ ಕೋಕ್ ಸಹೋದರರನ್ನೇ ನೋಡಿ. 1977ರಲ್ಲಿ ಸರ್ಕಾರಿ ನೀತಿಗಳ ಬಗ್ಗೆ ವರದಿ ಬರೆಯುವ ಕೇಟೋ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು ಚಾರ್ಲ್ಸ್ ದುಡ್ಡಿನಿಂದ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿಗೂ ಹಣ ಹೋಯಿತು. 2003ರಿಂದ ತಮ್ಮಂಥ ಕುಳಗಳನ್ನು ಸೇರಿಸಿ ಮುಚ್ಚಿದ ಬಾಗಿಲ ಸಭೆ, 2004ರಲ್ಲಿ ಅಮೆರಿಕನ್ಸ್ ಫಾರ್ ಪ್ರಾಸ್ಪೆರಿಟಿ ಅನ್ನುವ ಸಂಸ್ಥೆ. ಈ ಕೊನೆಯದ್ದು ಚುನಾವಣೆ ಮುಗಿದ ಮೇಲೆ ಬಾಗಿಲು ಹಾಕುವ ಪ್ರಚಾರ ಕಚೇರಿಯಲ್ಲ. ರಾಜ್ಯ ರಾಜ್ಯಗಳಲ್ಲಿ ಸಂಬಳದ ಕಾಯಂ ಸಿಬ್ಬಂದಿ ಇಟ್ಟುಕೊಂಡು ಹನ್ನೆರಡು ತಿಂಗಳೂ ಮನೆ ಮನೆ ತಿರುಗುವ ವ್ಯವಸ್ಥೆ. 2016ರ ಚುನಾವಣೆಗೆ ಈ ಕೂಟ ಘೋಷಿಸಿದ್ದ ಬಜೆಟ್ಟು 88.9 ಕೋಟಿ ಡಾಲರ್.

ಕೆಲಸ ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಒಂದು ಕಾಗದ ಸಾಕು. ಹವಾಮಾನದ ಹೆಸರಲ್ಲಿ ಸರ್ಕಾರದ ಆದಾಯ ಹೆಚ್ಚಿಸುವ ಯಾವ ಮಸೂದೆಗೂ ಒಪ್ಪುವುದಿಲ್ಲ ಅನ್ನುವ ಪ್ರತಿಜ್ಞಾ ಪತ್ರವನ್ನು 2008ರಿಂದ ಅಮೆರಿಕನ್ಸ್ ಫಾರ್ ಪ್ರಾಸ್ಪೆರಿಟಿಯೇ ಜನಪ್ರತಿನಿಧಿಗಳ ಮುಂದೆ ಹಿಡಿಯಿತು. ನೂರಾರು ಮಂದಿ ಸಹಿ ಹಾಕಿದರು. ಸಹಿ ಹಾಕದವನ ವಿರುದ್ಧ ಪಕ್ಷದೊಳಗಿನ ಸ್ಪರ್ಧೆಯಲ್ಲೇ ಇನ್ನೊಬ್ಬನನ್ನು ಎಬ್ಬಿಸುವ ತಾಕತ್ತು ಈ ದುಡ್ಡಿಗಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಲಂಚ ಇಲ್ಲ, ಕೇಸಿಲ್ಲ.

ಹೆಸರು ಮರೆಯಾಗುವ ದಾರಿಯೂ ಕಾನೂನುಬದ್ಧವೇ. ಕಂಪನಿಗಳು ಚುನಾವಣಾ ಪ್ರಚಾರಕ್ಕೆ ತಾವೇ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂದ ಅಮೆರಿಕ ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ನಂತರ ಬಂದ, ಅಭ್ಯರ್ಥಿಗೆ ನೇರ ಕೊಡದೆ ಹೊರಗಿನಿಂದ ಪ್ರಚಾರ ಮಾಡುವ ಸೂಪರ್ ಪ್ಯಾಕ್ ಸಮಿತಿಗಳಿಗೆ ಎಷ್ಟು ಬೇಕಾದರೂ ಕೊಡಬಹುದು, ಆದರೆ ಕೊಟ್ಟವರ ಹೆಸರು ಪ್ರಕಟವಾಗುತ್ತದೆ. ತೆರಿಗೆ ಕಾನೂನಿನಡಿ ಸಮಾಜ ಕಲ್ಯಾಣದ ಹೆಸರಿನ, ಲಾಭಕ್ಕಲ್ಲದ 501(ಸಿ)(4) ಸಂಸ್ಥೆಗಳು ದಾನಿಗಳ ಹೆಸರು ಹೇಳಬೇಕಾಗಿಲ್ಲ. ಹಾಗಾಗಿ ಮೊದಲು ಇಂಥ ಸಂಸ್ಥೆಗೆ ಕೊಡುವುದು, ಅಲ್ಲಿಂದ ಸೂಪರ್ ಪ್ಯಾಕ್‌ಗೆ. ಪಟ್ಟಿಯಲ್ಲಿ ಕಾಣುವುದು ಸಂಸ್ಥೆಯ ಹೆಸರಷ್ಟೇ. ಷಿಕಾಗೋದ ಉದ್ಯಮಿ ಬ್ಯಾರಿ ಸೈಡ್ 2021ರಲ್ಲಿ ಕಂಪನಿ ಮಾರುವ ಮೊದಲೇ ಷೇರುಗಳನ್ನು ಮಾರ್ಬಲ್ ಫ್ರೀಡಂ ಟ್ರಸ್ಟಿಗೆ ಬರೆದುಕೊಟ್ಟರು. ಟ್ರಸ್ಟಿಗೆ ಸಿಕ್ಕಿದ್ದು 160 ಕೋಟಿ ಡಾಲರ್, ಬಂಡವಾಳ ಲಾಭದ ತೆರಿಗೆಯೂ ಉಳಿಯಿತು. ಅದರ ಯಜಮಾನಿಕೆ ಲಿಯೊನಾರ್ಡ್ ಲಿಯೊ ಅವರದು. ಟ್ರಂಪ್ ಸುಪ್ರೀಂ ಕೋರ್ಟಿಗೆ ನೇಮಿಸಿದ ನ್ಯಾಯಮೂರ್ತಿಗಳ ಆಯ್ಕೆಗೆ ಸಲಹೆ ಕೊಟ್ಟವರು. (ಡೆಮಾಕ್ರಾಟರ ಕಡೆಯೂ ಇಂಥ ಹೆಸರಿಲ್ಲದ ದುಡ್ಡು ಧಾರಾಳವಾಗಿ ಹರಿಯುತ್ತದೆ, ಅವರೇನು ಸಾಚಾ ಅಲ್ಲ.)

ದುಡ್ಡು ಇದ್ದವನು ಹೇಳಿದವನೇ ಗೆಲ್ಲುತ್ತಾನಾ? ಇಲ್ಲ. 2016ರಲ್ಲಿ ಕೋಕ್ ಕೂಟ ಟ್ರಂಪ್‌ಗೆ ಬೆಂಬಲ ಕೊಡಲಿಲ್ಲ, ಅವರು ಗೆದ್ದರು. 2023ರ ಕೊನೆಗೆ, ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಟ್ರಂಪ್ ಎದುರು ನಿಂತ ನಿಕ್ಕಿ ಹೇಲಿ ಪರ ನಿಂತಿತು, ಸೌತ್ ಕೆರೊಲಿನಾದಲ್ಲಿ ಆಕೆ ಸೋತ ಕೂಡಲೇ ಖರ್ಚು ನಿಲ್ಲಿಸಿತು. ಆದರೆ 2017ರಲ್ಲಿ ಅದೇ ಟ್ರಂಪ್ ಕಾರ್ಪೊರೇಟ್ ತೆರಿಗೆಯನ್ನು ಶೇ. 35ರಿಂದ 21ಕ್ಕೆ ಇಳಿಸಿದರು. ಅದಕ್ಕಾಗಿ ಜೋರಾಗಿ ಪ್ರಚಾರ ಮಾಡಿದ್ದು ಇದೇ ಕೂಟ. ಮನುಷ್ಯ ಬೇರೆಯವನಾದರೂ ಮಸೂದೆ ತಮ್ಮದೇ ಆಯಿತಲ್ಲ! ನನಗೆ ಭಯ ಹುಟ್ಟಿಸುವುದು ಇದು.

ನಮ್ಮಲ್ಲಿ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ಹೋಯಿತು, ಕೊಟ್ಟವರ ಹೆಸರು ಹೊರಬರದಂಥ ಚುನಾವಣಾ ಬಾಂಡ್‌ಗೆ ಕಾನೂನು ಬಂತು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಎರಡನ್ನೂ ರದ್ದು ಮಾಡಿತು. ಆಮೇಲೆ ಹೊರಬಿದ್ದ ಪಟ್ಟಿಯಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲಕ್ಕೆ ಸುಮಾರು 1,600 ಕೋಟಿ, ಕಾಂಗ್ರೆಸ್‌ಗೆ ಸುಮಾರು 1,420 ಕೋಟಿ ರೂಪಾಯಿ.

ಬಾಂಡ್ ಹೋದ ಮೇಲೆ ಉಳಿದ ದೊಡ್ಡ ದಾರಿ ಚುನಾವಣಾ ಟ್ರಸ್ಟ್, ಅಂದರೆ ಕಂಪನಿಗಳಿಂದ ದೇಣಿಗೆ ಪಡೆದು ಪಕ್ಷಗಳಿಗೆ ಹಂಚುವ ಸಂಸ್ಥೆ. ಚುನಾವಣಾ ಆಯೋಗದ ಜಾಲತಾಣದಲ್ಲಿ 20 ಸಾವಿರ ರೂಪಾಯಿ ಮೇಲ್ಪಟ್ಟ ದೇಣಿಗೆಗಳ ಪಟ್ಟಿ ತೆಗೆದಾಗ ಟ್ರಸ್ಟಿನ ಹೆಸರು ಕಂಡರೆ ಅಲ್ಲಿಗೇ ಬಿಡಬೇಡಿ. ಟ್ರಸ್ಟಿನ ವಾರ್ಷಿಕ ವರದಿಯೂ ಅಲ್ಲೇ ಸಿಗುತ್ತದೆ. ಬಂದದ್ದರಲ್ಲಿ ಶೇ. 95ನ್ನು ಅದೇ ವರ್ಷ ಹಂಚಲೇಬೇಕು ಅನ್ನುವ ನಿಯಮ ಇರುವುದರಿಂದ, ಯಾವ ಕಂಪನಿ ಯಾವ ದಿನ ಕೊಟ್ಟಿತು, ಟ್ರಸ್ಟು ಯಾವ ದಿನ ಯಾವ ಪಕ್ಷಕ್ಕೆ ದಾಟಿಸಿತು ಅಂತ ಜೋಡಿಸಿ ನೋಡಬಹುದು. ಎಲ್ಲ ಸೇರಿ ಒಂದೇ ರಾಶಿಯಾಗಿದ್ದರೆ ಯಾರ ರೂಪಾಯಿ ಯಾರಿಗೆ ಅಂತ ಹೇಳಲಾಗದು. ಆಗ ಕಂಪನಿಗೆ ಸಿಕ್ಕ ಗುತ್ತಿಗೆ, ಗಣಿ ಪರವಾನಗಿಗಳ ದಿನಾಂಕ ಪಕ್ಕದಲ್ಲಿಟ್ಟುಕೊಳ್ಳಿ. ಅದು ಸಾಕ್ಷ್ಯವಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಸಿಗುತ್ತದೆ. ಅಭ್ಯರ್ಥಿಯ ಖರ್ಚಿನ ಲೆಕ್ಕದಲ್ಲಿ ಮಾತ್ರ ಹುಡುಕಬೇಡಿ. ವಿಧಾನಸಭೆಗೆ 40 ಲಕ್ಷದ ಮಿತಿ ಇರುವುದು ಅವನಿಗೆ, ಪಕ್ಷಕ್ಕೆ ಮಿತಿಯೇ ಇಲ್ಲ.