ಅಪ್ಪನ ಟಿಪ್ಸ್ ಖಾತೆ

ಖಜಾನೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರ ಜೊತೆ ಹೋಟೆಲಿಗೆ ಹೋಗುವುದು ಸುಲಭವಲ್ಲ. ಅವರು ನಿಮ್ಮ ಅಪ್ಪನೇ ಆಗಿದ್ದರಂತೂ ಕೇಳಲೇಬೇಡಿ. ತಿಂಡಿ ಏನು ಅನ್ನುವುದಕ್ಕೆ ನಮ್ಮ ಅಪ್ಪ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದು ಪ್ಲೇಟ್ ಇಡ್ಲಿ, ಸಾಂಬಾರ್ ಬೇರೆ, ಸ್ಟ್ರಾಂಗ್ ಕಾಫಿ, ಸಕ್ಕರೆ ಕಮ್ಮಿ. ಅವರ ತಲೆ ಪೂರ್ತಿ ಓಡುವುದು ಟಿಪ್ಸ್ ವಿಷಯದಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಸಪ್ಲೈಯರ್ ಹೆಸರಲ್ಲಿ ಮನಸ್ಸಿನಲ್ಲೇ ಒಂದು ಖಾತೆ ತೆರೆಯುತ್ತಾರೆ. ಇಪ್ಪತ್ತು ರೂಪಾಯಿ ಜಮಾ. ಆಮೇಲೆ ಕಡಿತ ಶುರು.

ಒಂದೇ ಕೈಯಲ್ಲಿ ನಾಲ್ಕು ಲೋಟ ನೀರು ತರುವ ಕಲೆ ನಿಮಗೂ ಗೊತ್ತಿರಬೇಕು. ನಾಲ್ಕು ಲೋಟದೊಳಗೆ ನಾಲ್ಕು ಬೆರಳು, ನೀರಿನಲ್ಲಿ ಆರಾಮಾಗಿ ಮುಳುಗಿರುತ್ತವೆ. ಅಪ್ಪ ಲೋಟ ನೋಡುತ್ತಾರೆ, ಬೆರಳು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ಐದು ರೂಪಾಯಿ ಹೋಯಿತು ಅಂತ ಅರ್ಥ. ಅಮ್ಮ ಮಾತಾಡದೆ ಬ್ಯಾಗಿನಿಂದ ಮನೆಯ ನೀರಿನ ಬಾಟಲಿ ತೆಗೆಯುತ್ತಾರೆ. ಕಾಫಿ ಇನ್ನೂ ಅರ್ಧ ಇರುವಾಗಲೇ ಬಿಲ್ಲು ತಂದಿಟ್ಟರೆ ಇನ್ನೈದು ಹೋಯಿತು. ‘ಏಳಿ ಅಂತ ಬಾಯಲ್ಲಿ ಹೇಳಿಲ್ಲ ಅಷ್ಟೇ’ ಅನ್ನುವುದು ಅಪ್ಪನ ವಾದ. ಹೊರಗೆ ಜನ ಕಾಯುತ್ತಿರುತ್ತಾರೆ, ಆ ಹುಡುಗನ ಮೇಲೂ ಗಲ್ಲಾಪೆಟ್ಟಿಗೆ ಕಡೆಯಿಂದ ಒಂದು ಕಣ್ಣು ಬಿದ್ದಿರುತ್ತದೆ ಅಂತ ನಾನು ಹೇಳಿದರೆ, ನನ್ನ ಹೆಸರಲ್ಲೂ ಒಂದು ಖಾತೆ ತೆರೆಯುತ್ತಾರೆ.

ನಿಜವಾದ ಆಟ ಇರುವುದು ಚಿಲ್ಲರೆಯಲ್ಲಿ. ಬಿಲ್ಲು 240 ಆಗಿದೆ ಅಂದುಕೊಳ್ಳಿ. ಅಪ್ಪ ಮುನ್ನೂರು ಇಡುತ್ತಾರೆ. ಪಳಗಿದ ಸಪ್ಲೈಯರ್ ಯಾವತ್ತೂ ಒಂದು ಐವತ್ತು, ಒಂದು ಹತ್ತು ತರುವುದಿಲ್ಲ. ಎರಡು ಇಪ್ಪತ್ತು, ಎರಡು ಹತ್ತು ತರುತ್ತಾನೆ. ಸೋಂಪಿನ ತಟ್ಟೆಯಲ್ಲಿ ನೋಟುಗಳನ್ನು ಸ್ವಲ್ಪ ಹರಡಿ ಇಡುತ್ತಾನೆ. ಆಮೇಲೆ ಪಕ್ಕದ ಟೇಬಲ್ ಒರೆಸುವುದರಲ್ಲಿ ಮುಳುಗಿಬಿಡುತ್ತಾನೆ, ಈ ಕಡೆ ತಿರುಗಿಯೂ ನೋಡುವುದಿಲ್ಲ. ಅಪ್ಪನಿಗೆ ಈ ನಾಜೂಕು ಕಂಡರೆ ಎಲ್ಲ ಕಡಿತವೂ ರದ್ದು. ‘ಕಸುಬು ಗೊತ್ತಿರೋನು’ ಅನ್ನುತ್ತಾ ಇಪ್ಪತ್ತರ ನೋಟನ್ನು ತಟ್ಟೆಯಲ್ಲೇ ಬಿಡುತ್ತಾರೆ. ಹೊಸ ಹುಡುಗ ಐವತ್ತು, ಹತ್ತು ತಂದ ಅಂದರೆ ಹತ್ತೇ ಗತಿ. ಅವನ ಮುಖ ಗಂಟಾಗುತ್ತದೆ. ಅಪ್ಪ ಅಷ್ಟು ಹೊತ್ತಿಗೆ ಬಾಗಿಲು ದಾಟಿರುತ್ತಾರೆ. ನಾನು ಕೊಡೆ ಹುಡುಕುವ ನೆಪದಲ್ಲಿ ಹಿಂದೆ ಉಳಿದು ಇನ್ನೊಂದು ಹತ್ತು ಸೇರಿಸುತ್ತೇನೆ. ಬೆಂಗಳೂರಿನ ಹೋಟೆಲುಗಳಲ್ಲಿ ಹೀಗೆ ಕೊಡೆ ಹುಡುಕುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಬೇಸಿಗೆಯಲ್ಲೂ ಹುಡುಕುತ್ತಾರೆ.

ಅಪ್ಪನಿಗೆ ಹಳೇ ಕಾಲದ ಸಪ್ಲೈಯರ್‌ಗಳ ಮೇಲೆ ಭಾರಿ ಅಭಿಮಾನ. ಆಗ ಚೀಟಿ ಇಲ್ಲ, ಪೆನ್ನಿಲ್ಲ. ತಿಂದವರು ಎದ್ದು ಗಲ್ಲಾಪೆಟ್ಟಿಗೆ ಕಡೆ ಹೊರಟರೆ ಹಿಂದಿನಿಂದಲೇ ಸಪ್ಲೈಯರ್ ‘ಬಿಳಿ ಶರ್ಟು, ಎರಡೂವರೆ ರೂಪಾಯಿ’ ಅಂತ ಕೂಗುತ್ತಿದ್ದನಂತೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಅಲ್ಲಿ ತೋಳಿನುದ್ದಕ್ಕೂ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ಇವತ್ತಿಗೂ ನೋಡಬಹುದು. ಹಾಗೆ ಬರುವವರನ್ನು ಕಂಡರೆ ಅಪ್ಪ ಎದ್ದು ದಾರಿ ಬಿಡುತ್ತಾರೆ. ಮದುವೆ ಮನೆಯಲ್ಲಿ ಮಂತ್ರಿಗಳು ಬಂದರೂ ಅವರು ಎದ್ದದ್ದು ನಾನು ಕಂಡಿಲ್ಲ.

1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಬಂತಲ್ಲ, ಟಿಪ್ಸ್ ಸತ್ತದ್ದು ಅವತ್ತೇ ಅನ್ನುತ್ತಾರೆ ಅಪ್ಪ. ಟೋಕನ್ ತಗೋ, ನೀನೇ ತಟ್ಟೆ ಹಿಡ್ಕೋ, ನಿಂತ್ಕೊಂಡು ತಿನ್ನು, ತಟ್ಟೆ ತೊಟ್ಟಿಗೆ ಹಾಕು. ಹಾಗೆ ನೋಡಿದರೆ ಟಿಪ್ಸ್ ನಮಗೇ ಬರಬೇಕು. ಅಮ್ಮ ಇದನ್ನು ಒಪ್ಪುವುದಿಲ್ಲ. ಅವರ ಮಂಡಿ ನೋವು ನೋಡಿ ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಟೇಬಲ್ ಒರೆಸುವಾಕೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಹಾಕುತ್ತಾಳೆ. ಈರುಳ್ಳಿ ಹೆಚ್ಚುವವರು ಕೂರುವ ಸ್ಟೂಲು ಅದು. ಅಮ್ಮ ಏಳುವ ತನಕ ಅಡುಗೆಮನೆಯಲ್ಲಿ ಯಾರೋ ನಿಂತೇ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಅಮ್ಮನ ಟಿಪ್ಸ್ ದುಡ್ಡಿನಲ್ಲಿ ಇರುವುದೂ ಅಪರೂಪ. ಚಕ್ಕುಲಿ, ಕೋಡುಬಳೆ, ಒಮ್ಮೆ ಉಪ್ಪಿನಕಾಯಿ. ಹೋಟೆಲಿಗೆ ತಿಂಡಿ ಹೊತ್ತುಕೊಂಡು ಹೋಗುವವರು ನಮ್ಮ ಮನೆಯವರು ಮಾತ್ರ ಇರಬೇಕು.

ಅಮ್ಮನಿಗೆ ಸಪ್ಲೈಯರ್‌ನ ಊರು, ಮನೆ, ಮಠ ಎಲ್ಲ ಗೊತ್ತಾಗಬೇಕು. ಮೊದಲಾದರೆ ಕುಂದಾಪುರ, ಕೊಪ್ಪ, ಹಾಸನ ಅನ್ನುತ್ತಿದ್ದರು, ಎರಡು ಮಾತಿಗೆ ಯಾರಾದರೂ ಗುರುತಿನವರು ಸಿಕ್ಕಿಬಿಡುತ್ತಿದ್ದರು. ಈಗ ಒಡಿಶಾ, ಅಸ್ಸಾಂ, ನೇಪಾಳ. ಅಮ್ಮ ಬಿಡುವವರಲ್ಲ. ‘ತುಮ್ ಊಟ ಕಿಯಾ?’ ಅಂತ ಕೇಳುತ್ತಾರೆ. ಹುಡುಗ ‘ಆಯ್ತು ಅಮ್ಮ, ನಿಮ್ದು?’ ಅಂತ ಸ್ವಚ್ಛ ಕನ್ನಡದಲ್ಲಿ ಹೇಳುತ್ತಾನೆ. ಅಮ್ಮ ಹಿಂದಿಯಲ್ಲೇ ಮುಂದುವರಿಯುತ್ತಾರೆ. ಅಷ್ಟರಲ್ಲಿ ಪಕ್ಕದ ಟೇಬಲಿನ ಪೂರಿ ಕೆಳಗಿಳಿದು ಚಪ್ಪಟೆಯಾಗಿರುತ್ತದೆ.

ಅಮ್ಮನಿಗೆ ಒಂದೇ ಒಂದು ಸಿಟ್ಟು. ಮೇಡಂ ಆಗಿ ಪಾಠ ಹೇಳಿ ಸ್ವಂತ ಪಿಂಚಣಿ ತಗೊಳ್ಳುವವರು ಅವರು. ಆದರೂ ಬಿಲ್ಲು ಬಂದು ಕೂರುವುದು ಅಪ್ಪನ ಮುಂದೆ. ಅಪ್ಪ ಬರದ ಒಂದು ದಿನ ಅದನ್ನು ನನ್ನ ಮಗನ ಮುಂದೆ ಇಟ್ಟರು. ಅವನಾಗ ಹೈಸ್ಕೂಲು. ಬಿಲ್ಲು ಎತ್ತಿಕೊಂಡು, ಕೂಡಿ ನೋಡಿ, ಗಂಭೀರವಾಗಿ ತಲೆಯಾಡಿಸಿ ಅಜ್ಜಿಯ ಕಡೆ ತಳ್ಳಿದ. ಅವತ್ತು ಟಿಪ್ಸ್ ಸೊನ್ನೆ. ಚಕ್ಕುಲಿಯೂ ಇಲ್ಲ.

ಹತ್ತು ರೂಪಾಯಿ ನಾಣ್ಯದ ಕತೆ ಹೇಳಲೇಬೇಕು. ನಮ್ಮಲ್ಲಿ ಆ ನಾಣ್ಯ ಮುಟ್ಟಿಸಿಕೊಳ್ಳದ ಅಂಗಡಿಗಳು ಬಹಳ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಗೆ ಸರಿಯಾದವೇ ಅಂತ ಸ್ಪಷ್ಟವಾಗಿ ಹೇಳಿತ್ತು. ಆ ಪೇಪರ್ ಕಟಿಂಗ್ ಅಪ್ಪನ ಪರ್ಸಿನಲ್ಲಿ ಮಡಿಕೆಯಾಗಿ ಕೂತಿದೆ. ಒಂದು ಬೆಳಿಗ್ಗೆ ಅಂಥ ಎರಡು ನಾಣ್ಯ ತಟ್ಟೆಯಲ್ಲಿ ಬಿಟ್ಟು ಬಂದರು. ಆಟೋ ಹತ್ತುವಷ್ಟರಲ್ಲಿ ಹುಡುಗ ಏದುಸಿರು ಬಿಡುತ್ತಾ ಓಡಿ ಬಂದ. ‘ಸಾರ್, ಕಾಯಿನ್ ಮರೆತು ಬಂದಿದೀರಾ.’

‘ಮರ್ತಿಲ್ಲಪ್ಪ, ನಿಂಗೇ ಇಟ್ಟಿದ್ದು.’

‘ಇದು ಓಡಲ್ಲ ಸಾರ್.’

ಅಷ್ಟು ಸಾಕಾಯಿತು. ಅಪ್ಪ ಒಂದು ಕಾಲು ಆಟೋದಲ್ಲಿ, ಒಂದು ಕಾಲು ರಸ್ತೆಯಲ್ಲಿ ಇಟ್ಟುಕೊಂಡು ಕಟಿಂಗ್ ಬಿಡಿಸಿದರು. ರೂಪಾಯಿ ಚಿಹ್ನೆ ಇರುವುದು, ಇಲ್ಲದ್ದು, ಎಲ್ಲ ವಿವರಿಸಿದರು. ಹೋಟೆಲಿನ ಒಳಗಿನಿಂದ ಯಾರೋ ಆ ಹುಡುಗನ ಹೆಸರು ಹಿಡಿದು ಕಿರುಚುತ್ತಿದ್ದರು. ಕೊನೆಗೆ ಆಟೋದವನೇ ಕೈ ಚಾಚಿದ. ‘ನಂಗೆ ಕೊಡಿ ಸಾರ್. ಹೇಗಿದ್ರೂ ಮೀಟರ್ ಮೇಲೆ ಇಪ್ಪತ್ತು ಕೇಳೋಣ ಅಂತಿದ್ದೆ.’ ಅಪ್ಪ ಹುಡುಗನಿಗೆ ಇಪ್ಪತ್ತರ ನೋಟು ಕೊಟ್ಟರು. ನಾಣ್ಯ ಆಟೋ ಪಾಲಾಯಿತು. ಇಳಿಯುವಾಗ ನೋಡಿದರೆ ಆಟೋದವನು ಮೀಟರ್ ಹಾಕಿಯೇ ಇರಲಿಲ್ಲ.

ಮಾಲ್‌ನೊಳಗಿನ ರೆಸ್ಟೋರೆಂಟುಗಳ ಕತೆಯೇ ಬೇರೆ. ಅಲ್ಲಿ ನಗು, ನಮಸ್ಕಾರ, ಕುರ್ಚಿ ಎಳೆದು ಕೂರಿಸುವುದು ಎಲ್ಲ ಇರುತ್ತದೆ. ಅಪ್ಪನ ಹುಟ್ಟುಹಬ್ಬಕ್ಕೆ ಒಂದು ಕಡೆ ಹೋಗಿದ್ದೆವು. ಬೆಳಕು ಎಷ್ಟು ಮಬ್ಬು ಅಂದರೆ ಅಮ್ಮ ಕರೆಂಟ್ ಹೋಗಿದೆ ಅಂದುಕೊಂಡರು. ಮೆನು ಕಾರ್ಡ್ ಇಲ್ಲ, ಟೇಬಲ್ ಮೇಲೆ ಕ್ಯೂಆರ್ ಕೋಡ್. ಅಪ್ಪ ಉತ್ಸಾಹದಿಂದ ದುಡ್ಡು ಕಳಿಸುವ ಆಪ್ ತೆಗೆದು ಸ್ಕ್ಯಾನ್ ಮಾಡಿದರು. ಆಗಲಿಲ್ಲ. ‘ಊಟಕ್ಕೆ ಮುಂಚೆ ದುಡ್ಡು ಕೊಡ್ತೀನಿ ಅಂದ್ರೂ ಇಸ್ಕೊಳಲ್ವಲ್ಲೇ’ ಅಂತ ಆಶ್ಚರ್ಯಪಟ್ಟರು.

ವೇಟರ್ ಬಂದ. ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದ, ‘ಅಂಕಲ್‌ಗೆ ಏನು ಬೇಕಂತೆ ಮೇಡಂ? ಖಾರ ತಿಂತಾರಾ?’

‘ಅಂಕಲ್ ಇಲ್ಲೇ ಕೂತಿದಾರೆ, ಕಿವೀನೂ ಕೇಳ್ಸುತ್ತೆ, ಖಾರಾನೂ ತಿಂತಾರೆ’ ಅಂದರು ಅಪ್ಪ. ಖಾರ ತಿಂದು ಎಷ್ಟೋ ವರ್ಷವಾಗಿತ್ತು. ಮರ್ಯಾದೆ ಉಳಿಸಿಕೊಳ್ಳಲು ಅವತ್ತು ತಿಂದರು, ಕಣ್ಣಲ್ಲಿ ನೀರು ಬರುವ ಹಾಗೆ ತಿಂದರು. ಆ ಹುಡುಗ ಕೇಳದೆಯೇ ಒಂದು ಕಪ್ ಮೊಸರು ತಂದಿಟ್ಟ. ನನಗೆ ಹೇಳದೆ, ನೇರವಾಗಿ ಅಪ್ಪನಿಗೇ ‘ತಗೊಳ್ಳಿ ಸಾರ್’ ಅಂದ. ಕತ್ತಲಲ್ಲೇ ಖಾತೆ ಚೊಕ್ಕವಾಯಿತು ಅಂತ ನನಗೆ ಗೊತ್ತಾಯಿತು.

ಆಮೇಲೆ ಬಿಲ್ಲು ಬಂತು. ಊಟ 1,850, ಅದರ ಮೇಲೆ ಸರ್ವಿಸ್ ಚಾರ್ಜ್ ಶೇಕಡಾ 10. ಅಪ್ಪನ ಪರ್ಸಿನಲ್ಲಿ ಇದಕ್ಕೂ ಕಟಿಂಗ್ ಇತ್ತು. ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತ್ತು. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಮೊಬೈಲ್ ಟಾರ್ಚಿನ ಬೆಳಕಲ್ಲಿ ಮ್ಯಾನೇಜರ್‌ಗೆ ಇದನ್ನೆಲ್ಲ ಓದಿಸಲಾಯಿತು. ‘ಈ 185 ಆ ಹುಡುಗನ ಕೈಗೆ ಹೋಗುತ್ತಾ?’ ಅಂತ ಅಪ್ಪ ಕೇಳಿದರು. ಮ್ಯಾನೇಜರ್ ಉತ್ತರ ಕೊಡಲಿಲ್ಲ, ಹೊಸ ಬಿಲ್ಲು ತಂದುಕೊಟ್ಟರು.

ಗೆದ್ದೆವು ಅಂದುಕೊಂಡು ನಾನು ಏಳಲು ಹೋದರೆ ಅಪ್ಪ ಕದಲಲಿಲ್ಲ. ಈಗ ಹುಡುಗನಿಗೆ ಕೊಡಬೇಕಲ್ಲ! ಯಾರ ಹತ್ತಿರವೂ ಸರಿಯಾದ ಕ್ಯಾಶ್ ಇಲ್ಲ. ಅವನಿಗೆ ಯುಪಿಐ ಮಾಡೋಣವೆಂದರೆ ಡ್ಯೂಟಿ ಹೊತ್ತಲ್ಲಿ ಫೋನು ಲಾಕರಿನಲ್ಲಿ ಇಡಬೇಕಂತೆ, ನಂಬರ್ ಹೇಳಲು ಅವನಿಗೆ ಹೆದರಿಕೆ. ಮನೆಮಂದಿಯೆಲ್ಲ ಬ್ಯಾಗು, ಜೇಬು ತಡಕಿದೆವು. ಮಗನ ಜೇಬಿನಿಂದ ಬಸ್ಸಿನ ಚಿಲ್ಲರೆ, ಅಮ್ಮನ ಪುಟ್ಟ ಪರ್ಸಿನಿಂದ ದೇವಸ್ಥಾನಕ್ಕೆ ಅಂತ ಎತ್ತಿಟ್ಟಿದ್ದ ನೂರರ ನೋಟು. ಒಟ್ಟು 210 ಆಯಿತು. ಸರ್ವಿಸ್ ಚಾರ್ಜಿಗಿಂತ ಇಪ್ಪತ್ತೈದು ರೂಪಾಯಿ ಜಾಸ್ತಿ! ಅಪ್ಪ ಇದನ್ನು ಇವತ್ತಿಗೂ ತಮ್ಮ ದೊಡ್ಡ ಗೆಲುವು ಅಂತಲೇ ಹೇಳಿಕೊಂಡು ತಿರುಗುತ್ತಾರೆ.

ತಮ್ಮ ಇರುವುದು ಟೆಕ್ಸಾಸ್‌ನಲ್ಲಿ. ಅಪ್ಪ ಅಮ್ಮ ಅಲ್ಲಿಗೆ ಹೋಗಿದ್ದಾಗ ಅರವತ್ತು ಡಾಲರ್ ಊಟಕ್ಕೆ ಅವನು ಹನ್ನೆರಡು ಡಾಲರ್ ಟಿಪ್ಸ್ ಬರೆದನಂತೆ. ಹತ್ತಿರ ಹತ್ತಿರ ಸಾವಿರ ರೂಪಾಯಿ! ಅಪ್ಪನಿಗೆ ನೀರು ಗಂಟಲಲ್ಲೇ ನಿಂತಿತು. ಅಲ್ಲಿ ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕ ಕೊಡಲೇಬೇಕಾದ ಕನಿಷ್ಠ ಸಂಬಳ ಗಂಟೆಗೆ 2.13 ಡಾಲರ್, 1991ರಿಂದ ಅದು ಏರಿಲ್ಲ, ಉಳಿದದ್ದು ಹೆಚ್ಚಾಗಿ ಗಿರಾಕಿಯ ಕೈಯಿಂದಲೇ ಬರುವುದು ಅಂತ ತಮ್ಮ ವಿವರಿಸಿದ. ‘ಹಾಗಾದ್ರೆ ತುಟ್ಟಿಭತ್ಯೆ?’ ಅಂತ ಅಪ್ಪ ಕೇಳಿದರು. ಇಲ್ಲ ಅಂದಾಗ ಅವರಿಗೆ ಊಟ ಸೇರಲಿಲ್ಲ. ವರ್ಷಕ್ಕೆರಡು ಸಲ ಡಿಎ ಏರುವುದನ್ನೇ ನೋಡಿ ಬಂದವರು ಪಾಪ. ಇನ್ನೂ ಮೂರು ಡಾಲರ್ ಸೇರಿಸು ಅಂತ ಹಟ ಹಿಡಿದರಂತೆ.

ಮೊನ್ನೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹೊರಗೆ ಓಡಾಡುವ ಹಾಗಿಲ್ಲ, ಆದರೆ ಇಡ್ಲಿ ಬೇಕು. ಅವರ ಮಾಮೂಲಿ ಹೋಟೆಲಿಗೆ ನಾನೊಬ್ಬಳೇ ಹೋದೆ. ಅಲ್ಲಿಯ ಸಪ್ಲೈಯರ್ ಕುಂದಾಪುರ ಕಡೆಯವರು, ಅವರಿಗೂ ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ‘ಸಾರ್ ಎಲ್ಲಿ? ಹುಷಾರಿದ್ದಾರಾ?’ ಅಂತ ಕೇಳಿದರು. ವಿಷಯ ಹೇಳಿದೆ. ನಾನು ಏನೂ ಹೇಳದೆಯೇ ಇಡ್ಲಿ ಒಂದು ಕಡೆ, ಸಾಂಬಾರ್ ಬೇರೆ ಕಟ್ಟಿಸಿಕೊಂಡು ಬಂದರು. ‘ಕಾಫಿಗೆ ಸಕ್ಕರೆ ಹಾಕಿಸಿಲ್ಲ, ಪೊಟ್ಟಣ ಇಟ್ಟಿದೀನಿ. ಅರ್ಧ ಹಾಕಿ, ಪೂರ್ತಿ ಕೇಳ್ತಾರೆ, ಕೊಡ್ಬೇಡಿ’ ಅಂದರು.

ನಾನು ಐವತ್ತರ ನೋಟು ಕೈಗಿಟ್ಟೆ. ಅವರು ಒಳಗೆ ಹೋಗಿ ಮೂವತ್ತು ವಾಪಸ್ ತಂದರು.

‘ಇಟ್ಕೊಳ್ಳಿ’ ಅಂದೆ.

‘ಬ್ಯಾಡ ಅಮ್ಮ. ಸಾರ್ ರೇಟು ಇಪ್ಪತ್ತು. ಜಾಸ್ತಿ ಇಸ್ಕೊಂಡೆ ಅಂತ ಗೊತ್ತಾದ್ರೆ ಕಣ್ಣು ಸರಿ ಹೋದ್ಮೇಲೆ ಬಂದು ಲೆಕ್ಕ ಕೇಳ್ತಾರೆ.’

ಮನೆಗೆ ಬಂದೆ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ಇಡ್ಲಿ ಬಿಸಿ ಇದೆಯಾ ಅಂತಲೂ ಕೇಳಲಿಲ್ಲ.

‘ಎಷ್ಟು ಕೊಟ್ಟೆ?’

‘ಇಪ್ಪತ್ತು.’

‘ಪಾರ್ಸಲ್ ತಾನೇ? ಹತ್ತು ಸಾಕಾಗಿತ್ತು.’